ಚೈನಿನ ಸದ್ದಡಗಿದ ಮಳೆಗಾಲ

ಕಿರ್ರ್... ಕಿರ್ರ್... ಟಕ್. ಮತ್ತೆ ಕಿರ್ರ್... ಕಿರ್ರ್... ಟಕ್.

ಜೋಗುಪಾಳ್ಯದ ನಮ್ಮ ಗಲ್ಲಿಯ ತಿರುವಿನಲ್ಲಿ ಈ ಸದ್ದು ಕೇಳಿಸಿತೆಂದರೆ ನಾನು ಎದ್ದು ಸ್ಟವ್ ಹಚ್ಚುತ್ತಿದ್ದೆ. ಸದ್ದು ಗೇಟಿನವರೆಗೆ ಬರುವಷ್ಟರಲ್ಲಿ ಹಾಲು ಬಿಸಿಯಾಗಿರುತ್ತಿತ್ತು. ನನ್ನ ತಮ್ಮ ಸೂರಿ ಹೆಲ್ಮೆಟ್ ತೆಗೆದು ಬಾಗಿಲ ಹಿಂದಿನ ಮೊಳೆಗೆ ನೇತುಹಾಕುವ ಹೊತ್ತಿಗೆ ಕಾಫಿ ಲೋಟದಲ್ಲಿರುತ್ತಿತ್ತು. ಅದು ಅವನ ಹಳೆಯ ಮೋಟರ್‌ಸೈಕಲ್ಲಿನ ಒಣಗಿದ ಚೈನಿನ ಸದ್ದು. ಗಲ್ಲಿಯಲ್ಲಿ ಓಡಾಡುವ ಹತ್ತಾರು ಗಾಡಿಗಳ ನಡುವೆ ಅವನ ಇಂಜಿನ್ನನ್ನು ಗುರುತಿಸಲು ನನ್ನಿಂದ ಎಂದೂ ಆಗಲಿಲ್ಲ. ಚೈನನ್ನು ಮಾತ್ರ ನಿದ್ದೆಗಣ್ಣಿನಲ್ಲೂ ಗುರುತಿಸುತ್ತಿದ್ದೆ.

ಹೋದ ವಾರ ಮಧ್ಯಾಹ್ನ ಅದೇ ಸದ್ದು ಮತ್ತೆ ಬಂತು. ಓದುತ್ತಿದ್ದ ಪೇಪರನ್ನು ಬದಿಗಿಟ್ಟು ಅಡುಗೆಮನೆಗೆ ಹೋಗಿ, ಲೈಟರ್ ಕೈಗೆತ್ತಿಕೊಂಡ ಮೇಲೆ ನನಗೆ ಎಚ್ಚರವಾಯಿತು. ಗೇಟಿನ ಹೊರಗೆ ಊಟ ತಲುಪಿಸುವವರೊಬ್ಬರು ಎದುರುಮನೆಯ ನಂಬರು ಹುಡುಕುತ್ತಿದ್ದರು. ನಲವತ್ತು ದಾಟಿದ ಮನುಷ್ಯ, ಬೆನ್ನಿಗೆ ದೊಡ್ಡ ಚೀಲ.

"ನಿಮ್ಮ ಚೈನ್ ಒಣಗಿಹೋಗಿದೆಯಪ್ಪಾ. ಹತ್ತು ನಿಮಿಷ ಇದ್ರೆ ನಾನೇ ಕ್ಲೀನ್ ಮಾಡಿ ಆಯಿಲ್ ಹಾಕ್ಕೊಡ್ತೀನಿ," ಎಂದೆ.

ಅವರು ನನ್ನ ಬಿಳಿಗೂದಲನ್ನೂ ಕತ್ತಿನಲ್ಲಿ ದಾರಕ್ಕೆ ತೂಗುತ್ತಿದ್ದ ಕನ್ನಡಕವನ್ನೂ ನೋಡಿದರು. "ನೀವಾ ಮೇಡಂ?" ಎಂದು ನಕ್ಕುಬಿಟ್ಟರು. "ಇನ್ನೊಂದು ಆರ್ಡರ್ ಐತೆ. ಲೇಟಾದ್ರೆ ರೇಟಿಂಗ್ ಹೋಗ್ಬಿಡುತ್ತೆ. ಇನ್ನೊಂದ್ಸಲ ಬಂದಾಗ ಮಾಡ್ಕೊಡಿ."

ಹೋದರು. ಆ ಕಿರಕಿರಿ ದೊಡ್ಡ ರಸ್ತೆಯ ಗದ್ದಲದಲ್ಲಿ ಕರಗುವವರೆಗೂ ನಾನು ಗೇಟು ಹಿಡಿದು ನಿಂತಿದ್ದೆ. ಆಮೇಲೆ ಒಳಗೆ ಬಂದು, ಯಾರಿಗೂ ಬೇಡದಿದ್ದರೂ ಕಾಫಿ ಮಾಡಿದೆ.

ಸೂರಿಯ ಚೈನಿನ ಕತೆ ನಡೆದದ್ದು ಕೊರೋನಾದ ಮಾಸ್ಕುಗಳೆಲ್ಲ ನಮ್ಮ ಗಲ್ಲಿಯಿಂದ ಮಾಯವಾದ ಮೇಲಿನ ಮೊದಲ ಮಳೆಗಾಲದಲ್ಲಿ. ಮನೆಯಲ್ಲಿ ನಾವಿಬ್ಬರೇ. ನಾನು ಕಂಟೋನ್ಮೆಂಟಿನ ಒಂದು ಕಾನ್ವೆಂಟಿನಲ್ಲಿ ಓದಿ, ಅಲ್ಲೇ ಟೀಚರಾಗಿ, ಇಂಗ್ಲಿಷ್ ಮತ್ತು ಮಾರಲ್ ಸೈನ್ಸ್ ಕಲಿಸಿ ರಿಟೈರ್ ಆದವಳು. ಯಾಕೆ ಮದುವೆಯಾಗಲಿಲ್ಲ ಎಂದು ಕೇಳುತ್ತಿದ್ದವರು ಯಾರೂ ಈಗ ಉಳಿದಿಲ್ಲ. ಸೂರಿ ನನಗಿಂತ ಐದು ವರ್ಷ ಚಿಕ್ಕವನು. ಹೆಂಡತಿ ಬೇಗ ತೀರಿಕೊಂಡಳು, ಮಕ್ಕಳಿರಲಿಲ್ಲ. ಒಂದು ಸೂಟ್‌ಕೇಸು, ಒಂದು ಟೂಲ್ ಬಾಕ್ಸು, ಆ ಮೋಟರ್‌ಸೈಕಲ್ಲು, ಇಷ್ಟನ್ನು ತೆಗೆದುಕೊಂಡು ನನ್ನ ಮನೆಗೆ ಬಂದವನು ಅಲ್ಲೇ ಉಳಿದ. ಫ್ಯಾಕ್ಟರಿಯ ಟೂಲ್ ರೂಮಿನಲ್ಲಿ ಜೀವನವೆಲ್ಲ ಕಳೆದವನಾದ್ದರಿಂದ ರಿಟೈರ್ ಆದಮೇಲೂ ಕೈ ಸುಮ್ಮನಿರುತ್ತಿರಲಿಲ್ಲ. ವಾರಕ್ಕೆ ಮೂರು ದಿನ ಕೆ.ಆರ್. ಪುರದಲ್ಲಿದ್ದ ಗೆಳೆಯ ಗೋಪಾಲನ ಸಣ್ಣ ವರ್ಕ್‌ಶಾಪಿಗೆ ಹೋಗಿ ಲೇತ್ ಮುಂದೆ ನಿಂತು ಬರುತ್ತಿದ್ದ. ಉಳಿದ ದಿನ ನನ್ನನ್ನು ಹಿಂದೆ ಕೂರಿಸಿಕೊಂಡು ಊರೆಲ್ಲ ಸುತ್ತುತ್ತಿದ್ದ. ಕಮ್ಮನಹಳ್ಳಿಯಲ್ಲಿ ಕೇಕ್, ಶಿವಾಜಿನಗರದಲ್ಲಿ ಹಣ್ಣು. ನಾನು ಒಂದೇ ಕಡೆ ಕಾಲು ಹಾಕಿ, ಹ್ಯಾಂಡ್‌ಬ್ಯಾಗನ್ನು ನಮ್ಮಿಬ್ಬರ ನಡುವೆ ಇಟ್ಟುಕೊಂಡು, ರಾಣಿಯ ಹಾಗೆ ಕೂರುತ್ತಿದ್ದೆ.

ಬೇರೆಯವರ ಮಿಕ್ಸಿ, ಫ್ಯಾನು, ಹೊಲಿಗೆ ಮಿಷಿನ್ನು ಎಲ್ಲವನ್ನೂ ಅಂದಂದೇ ರಿಪೇರಿ ಮಾಡಿಕೊಡುವ ಸೂರಿ ತನ್ನ ಗಾಡಿಯ ವಿಷಯದಲ್ಲಿ ಮಾತ್ರ ಮಹಾ ಸೋಮಾರಿ. ಚೈನಿನ ಕವರು ಗಡಗಡ ಎನ್ನುತ್ತದೆಂದು ಬಿಚ್ಚಿಟ್ಟವನು ಮತ್ತೆ ಹಾಕಿರಲೇ ಇಲ್ಲ. ಆ ಬೇಸಿಗೆಯ ಧೂಳೆಲ್ಲ ಚೈನಿಗೆ ಕೂತು, ಮೇ ತಿಂಗಳಿಂದ ಆ ಸದ್ದು ಶುರುವಾಗಿತ್ತು.

"ನಿನ್ ಗಾಡಿ ಬಂದ್ರೆ ಬೀದಿ ನಾಯಿಗಳೂ ಎದ್ದು ಹೋಗ್ತಾವೆ ಕಣೋ, ಸೂರಿ," ಎಂದೆ ಒಂದು ದಿನ.

"ಈ ಭಾನುವಾರ ಮಾಡ್ತೀನಿ ಅಕ್ಕ."

"ಹೋದ ಭಾನುವಾರನೂ ಇದನ್ನೇ ಹೇಳಿದ್ದೆ."

"ನಿಂಗೆ ಕಾಫಿ ಅಲಾರ್ಮ್ ಅಲ್ವಾ ಅದು? ಫ್ರೀ ಸರ್ವಿಸ್. ಅದಕ್ಕೂ ಕಂಪ್ಲೇಂಟಾ?"

ಹೀಗೆ ಮೂರು ಭಾನುವಾರ ಕಳೆದವು. ನಾಲ್ಕನೆಯದಕ್ಕೆ ಮೊದಲು, ಒಂದು ಶುಕ್ರವಾರ ಬೆಳಿಗ್ಗೆ, ಅವನು ಸ್ನಾನಕ್ಕೆ ಹೋದಾಗ, ಸರ್ಪ್ರೈಸ್ ಕೊಡೋಣವೆಂದು ನಾನೇ ಹೊರಗೆ ಬಂದೆ. ಹೊಲಿಗೆ ಮಿಷಿನ್ನಿನ ಎಣ್ಣೆಡಬ್ಬಿಯನ್ನು ಒತ್ತಿ ಒತ್ತಿ ಚೈನಿಗೆ ಬಿಟ್ಟೆ. ನಾಲ್ಕು ಹನಿಗೆ ಅದು ಖಾಲಿ. ಅಡುಗೆಮನೆಯ ಶೆಲ್ಫಿನಲ್ಲಿ ಹರಳೆಣ್ಣೆಯ ಬಾಟಲಿ ಕಾಣಿಸಿತು. ತಲೆಗೂ ಆಗುತ್ತೆ, ಹೊಟ್ಟೆಗೂ ಆಗುತ್ತೆ, ಕೀಲುನೋವಿಗೂ ಆಗುತ್ತೆ. ಚೈನಿಗೆ ಯಾಕೆ ಆಗಬಾರದು? ಗಾಡಿ ಸೈಡ್ ಸ್ಟ್ಯಾಂಡಿನ ಮೇಲೆ ಎಡಕ್ಕೆ ವಾಲಿಕೊಂಡಿತ್ತು, ಚೈನೂ ಎಡಗಡೆಯೇ. ಮಗುವಿಗೆ ಎಣ್ಣೆಸ್ನಾನ ಮಾಡಿಸುವ ಹಾಗೆ ಧಾರಾಳವಾಗಿ ಸುರಿದೆ. ಬಾಟಲಿ ಖಾಲಿಯಾಯಿತು. ಅಲ್ಲಿಗೇ ಕೆಲಸ ಮುಗಿಯಿತೆಂದುಕೊಂಡು ಒಳಗೆ ಬಂದು ಕೈ ತೊಳೆದೆ.

ಸೂರಿ ಗೋಪಾಲನಿಗೆ ಬೇಕಾದ ಯಾವುದೋ ಬೇರಿಂಗ್ ತರಲು ಶಿವಾಜಿನಗರಕ್ಕೆ ಹೊರಟ. ಗಾಡಿ ಸದ್ದಿಲ್ಲದೆ ತಿರುವಿನವರೆಗೆ ಹೋಯಿತು. ಅವನು ಹಿಂದಿರುಗಿ ನೋಡಿ ಹುಬ್ಬೇರಿಸಿದ. ನಾನು ಕಿಟಕಿಯಲ್ಲಿ ನಿಂತು ಜಂಬದಿಂದ ಕೈಬೀಸಿದೆ.

ಅಷ್ಟು ಹೊತ್ತಿಗೆ ಆ ಮಳೆಗಾಲದ ಮೊದಲ ಮಳೆ ಹನಿಯತೊಡಗಿತ್ತು. ಅರ್ಧ ಗಂಟೆಗೆ ಫೋನ್ ಬಂತು. ಹಲಸೂರು ಕೆರೆಯ ಪಕ್ಕದ ತಿರುವಿನಲ್ಲಿ ಎಡಕ್ಕೆ ವಾಲಿದಾಗ ಹಿಂದಿನ ಟೈರು ಜಾರಿ ಗಾಡಿ ಅವನ ಕಾಲಿನ ಮೇಲೆ ಬಿದ್ದಿತ್ತು. ಎಡಗಾಲು, ಮೊಣಕಾಲಿನ ಕೆಳಗಿನ ಮೂಳೆ.

ಅವನನ್ನು ಆಸ್ಪತ್ರೆಗೆ ತಂದ ಆಟೋದವರು ನನಗಾಗಿ ಕಾದಿದ್ದರು. "ಯಾರ್ದೂ ತಪ್ಪಲ್ಲ ಮೇಡಂ. ಮೊದಲ್ನೇ ಮಳೆ ನೋಡಿ, ರೋಡಲ್ಲಿರೋ ಆಯಿಲೆಲ್ಲ ಮೇಲಕ್ಕೆ ಬಂದ್ಬಿಡುತ್ತೆ," ಎಂದರು.

ಹೌದು ಎಂದೆ. ವರ್ಷವರ್ಷವೂ ಮಕ್ಕಳ ಮುಂದೆ ನಿಂತು "ಸುಳ್ಳಿನಲ್ಲಿ ಎರಡು ವಿಧ, ಹೇಳಿದ ಸುಳ್ಳು ಮತ್ತು ಹೇಳದೆ ಬಿಟ್ಟ ನಿಜ" ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದವಳು, ಹೌದು ಎಂದೆ. ನರ್ಸ್ ನನ್ನ ಕೈಗೆ ಅವನ ಕತ್ತರಿಸಿದ ಪ್ಯಾಂಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟರು. ಅದನ್ನು ಬಿಚ್ಚಿದಾಗ ಗಮ್ಮೆಂದು ಹರಳೆಣ್ಣೆಯ ವಾಸನೆ ಬಂತು.

ಶಿವಾಜಿನಗರದಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿರುವ ಸತ್ತಾರ್ ಭಾಯಿ ಸೂರಿಯ ಹಳೆಯ ದೋಸ್ತು. ಅವರ ಮಗಳು ನನ್ನ ಸ್ಟೂಡೆಂಟ್. ಹಾಗಾಗಿ ಅವರಿಗೂ ನಾನು ಮಿಸ್. ಸಂಜೆ ಅವರೇ ಗಾಡಿಯನ್ನು ತಂದು ನಮ್ಮ ಪ್ಯಾಸೇಜಿನಲ್ಲಿ ನಿಲ್ಲಿಸಿ ಹೋದರು. ಮಾರನೆಯ ಬೆಳಿಗ್ಗೆ, ಸೂರಿ ಇನ್ನೂ ಆಸ್ಪತ್ರೆಯಲ್ಲಿದ್ದಾಗ, ನಾನು ಒಂದು ಬಕೆಟ್ ಬಿಸಿನೀರಿಗೆ ಸೋಪಿನ ಪುಡಿ ಕಲಸಿ, ನೆಲ ಉಜ್ಜುವ ಬ್ರಶ್ ತೆಗೆದುಕೊಂಡು ಹೊರಗೆ ಕುಳಿತೆ. ಟೈರು ಉಜ್ಜಿದೆ. ರಿಮ್ ಉಜ್ಜಿದೆ. ಚೈನನ್ನು ಮೂರು ಸಲ ಸೋಪು ಹಾಕಿ ಉಜ್ಜಿದೆ. ಕಲ್ಲುಚಪ್ಪಡಿಯ ಮೇಲಿನ ಎಣ್ಣೆಕಲೆಯನ್ನೂ ಬಿಡಲಿಲ್ಲ. ಖಾಲಿ ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ ಕಸದ ಗಾಡಿಗೆ ಹಾಕಿದೆ. ಪ್ಯಾಂಟನ್ನೂ ಒಗೆದೆ, ಮತ್ತೆ ಎಂದೂ ಹಾಕಿಕೊಳ್ಳಲಾಗದ ಪ್ಯಾಂಟನ್ನು.

ಸೂರಿ ಮನೆಗೆ ಬಂದ. ಕಾಲಿನೊಳಗೆ ರಾಡು, ಮೇಲೆ ಬ್ಯಾಂಡೇಜು. ಅವನ ಮಂಚವನ್ನು ಮುಂದಿನ ರೂಮಿನ ಕಿಟಕಿಗೆ ಒತ್ತಿ ಹಾಕಿದೆವು, ಬೀದಿಯಾದರೂ ಕಾಣಲಿ ಎಂದು. ಆದರೆ ಆ ಕಿಟಕಿಯ ಸರಳುಗಳಾಚೆ ಮೊದಲು ಕಾಣುತ್ತಿದ್ದದ್ದು ಪ್ಯಾಸೇಜಿನಲ್ಲಿ ನಿಂತ ಗಾಡಿ. ಮಳೆ ಹಿಡಿದುಕೊಂಡಿತು. ತಗಡಿನ ಸೂರಿನಿಂದ ನೀರು ಬಿದ್ದು ಚೈನಿಗೆ ಎರಚುತ್ತಿತ್ತು. ನಾಲ್ಕನೆಯ ದಿನ ಚೈನಿನ ಮೇಲೆ ಅರಿಶಿನದಂಥ ಬಣ್ಣ. ವಾರಕ್ಕೆ ಇಟ್ಟಿಗೆ ಬಣ್ಣ. ತಿಂಗಳಾಗುವ ಹೊತ್ತಿಗೆ ಕೈ ಮುಟ್ಟಿದರೆ ಕೆಂಪುಪುಡಿ ಬರುತ್ತಿತ್ತು. ನಾನು ಪ್ಯಾಸೇಜಿನಲ್ಲಿ ಹೋಗುವಾಗ ಗೋಡೆಯ ಕಡೆಗೆ ಮುಖ ಮಾಡಿಕೊಂಡು ಹೋಗುತ್ತಿದ್ದೆ.

ಸೂರಿ ಮಾತು ಕಡಿಮೆ ಮಾಡಿಬಿಟ್ಟ. ತಿಂಡಿ ಕೊಟ್ಟರೆ ತಿನ್ನುತ್ತಿದ್ದ, ಮಾತ್ರೆ ಕೊಟ್ಟರೆ ನುಂಗುತ್ತಿದ್ದ, ಉಳಿದ ಹೊತ್ತು ಕಿಟಕಿ. ಅವನಿಗೆ ಗೊತ್ತಾಗಿದೆಯೋ ಇಲ್ಲವೋ ಎಂಬುದು ನನಗೆ ತಿಳಿಯಲಿಲ್ಲ. ಕೇಳಿದರೆ ಹೇಳಿದಂತೆಯೇ ಆಗುತ್ತಿತ್ತು. ಆಸ್ಪತ್ರೆ, ಆಪರೇಷನ್ನು, ಎಲ್ಲವನ್ನೂ ನಿಭಾಯಿಸಿದ ನಾನು ಆ ಒಂದು ವಾಕ್ಯವನ್ನು ಬಾಯಿಂದ ಹೊರಡಿಸಲಾರದೆ ಹೋದೆ. ಹೇಳಿದಮೇಲೆ ಅವನು ತನ್ನ ಸೂಟ್‌ಕೇಸಿನ ಕಡೆ ನೋಡಿಬಿಟ್ಟರೆ? ನನಗಿದ್ದವನು ಅವನೊಬ್ಬನೇ.

ಜುಲೈ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಸತ್ತಾರ್ ಭಾಯಿ ಖರ್ಜೂರದ ಪ್ಯಾಕೆಟ್ ಹಿಡಿದು ಬಂದರು. ಒಳಗೆ ಬರುವ ಮೊದಲೇ ಗಾಡಿಯ ಹತ್ತಿರ ಕುಕ್ಕರಗಾಲಲ್ಲಿ ಕೂತರು.

"ಅರೇ, ಏನ್ ಮಿಸ್ ಇದು? ಚೈನ್‌ಗೆ ಸ್ನಾನ ಮಾಡ್ಸಿದ್ದೀರಾ?"

ನಾನು ಗೋಡೆಯ ಕಡೆ ತಿರುಗಿದೆ. ಅವರು ಕಿಟಕಿಯ ಕಡೆ ತಿರುಗಿದರು.

"ಎಷ್ಟೇ ಮಳೆ ಬಿದ್ರೂ ಇಷ್ಟು ಬೇಗ ಹಿಂಗಾಗಲ್ಲ ಸೂರಿ ಸಾಬ್. ಒಂದು ಡ್ರಾಪ್ ಗ್ರೀಸ್ ಇಲ್ಲ ಇದರಲ್ಲಿ. ಬಿಡಿ, ನಾಳೆ ಹೊಸಾ ಚೈನ್ ಸೆಟ್ ತಂದು ಹಾಕ್ಬಿಡ್ತೀನಿ."

"ಬೇಡ ಸತ್ತಾರ್," ಎಂದ ಸೂರಿ. ಎಷ್ಟೋ ದಿನಗಳ ಮೇಲೆ ಅವನ ದನಿ ಗಟ್ಟಿಯಾಗಿ ಬಂದಿತ್ತು. "ಮೇಲಿನ ತುಕ್ಕು ಅಷ್ಟೇ. ಒಳಗೆ ಚೆನ್ನಾಗಿರುತ್ತೆ. ನೀನು ಒಂದು ಬಾಟ್ಲಿ ಸೀಮೆಎಣ್ಣೆ, ಸ್ವಲ್ಪ ಗೇರ್ ಆಯಿಲ್ ಕಳಿಸು ಸಾಕು. ಅಕ್ಕ ಕ್ಲೀನ್ ಮಾಡ್ತಾಳೆ."

"ಮಿಸ್ಸಾ?"

"ಹೂಂ. ಅಕ್ಕನೇ."

ಸತ್ತಾರ್ ಭಾಯಿ ನನ್ನ ಮುಖ ನೋಡಿದರು, ಸರಳುಗಳಾಚೆ ಅವನ ಮುಖ ನೋಡಿದರು. ಖರ್ಜೂರವನ್ನು ನನ್ನ ಕೈಗಿಟ್ಟು, "ಮಿಸ್, ಇಂಜಿನ್ ಆನ್ ಮಾಡ್ಕೊಂಡು ಮಾತ್ರ ಚೈನ್ ಮುಟ್ಬೇಡಿ," ಎಂದು ತಮ್ಮ ಬಲಗೈ ತೋರಿಸಿದರು. ಉಂಗುರದ ಬೆರಳಿಗೆ ತುದಿಯಿರಲಿಲ್ಲ. "ನಾನೂ ಒಂದ್ಸಲ ಟೈಮ್ ಉಳ್ಸೋಕೆ ಹೋದೆ."

ಮಾರನೆಯ ಮಧ್ಯಾಹ್ನ ಕೆಲಸ ಶುರುವಾಯಿತು. ಸತ್ತಾರ್ ಭಾಯಿಯೇ ಬಂದು ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಎತ್ತಿಕೊಟ್ಟು ಹೋಗಿದ್ದರು. ನಾನು ಗಾಡಿಯ ಪಕ್ಕ ಮಣೆ ಹಾಕಿಕೊಂಡು ಕೂತೆ. ನನ್ನ ಭುಜದ ಹಿಂದೆ ಕಿಟಕಿ, ಕಿಟಕಿಯ ಹಿಂದೆ ಸೂರಿ.

"ಕೀ ಎಲ್ಲಿ?" ಎಂದ.

"ಗಾಡೀಲೇ ಇದೆ."

"ತೆಗ್ದು ಇಲ್ಲಿ ಕೊಡು. ನನ್ ದಿಂಬಿನ ಕೆಳಗೆ ಇರ್ಲಿ. ಈಗ ಚಕ್ರ ಕೈಯಲ್ಲಿ ತಿರುಗಿಸು. ತಿರುಗ್ತಾ? ಸರಿ, ನ್ಯೂಟ್ರಲ್‌ನಲ್ಲಿದೆ. ನಿನ್ ಹತ್ರ ಚಾಕ್‌ಪೀಸ್ ಇರ್ಬೇಕಲ್ಲ?"

ಇತ್ತು. ಟೀಚರ್ ಮನೆಯಲ್ಲಿ ಚಾಕ್‌ಪೀಸಿಗೆ ಬರವಿಲ್ಲ. ಒಂದು ಕೊಂಡಿಗೆ ಬಿಳಿ ಗುರುತು ಹಾಕಿಸಿದ, ಒಂದು ಸುತ್ತು ಎಲ್ಲಿಗೆ ಮುಗಿಯಿತೆಂದು ತಿಳಿಯಲು. ಹಳೆಯ ಕ್ಯಾಲೆಂಡರಿನ ರಟ್ಟನ್ನು ಚೈನಿಗೂ ಟೈರಿಗೂ ನಡುವೆ ತೂರಿಸಲು ಹೇಳಿದ. ಯಾಕೆ ಎಂದು ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಮೊದಲು ಒಣಬಟ್ಟೆಯಲ್ಲಿ ಪುಡಿ ಒರೆಸುವುದು. ಆಮೇಲೆ ಹಳೆಯ ಟೂತ್‌ಬ್ರಶ್ಶನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒಂದೊಂದೇ ಕೊಂಡಿಯನ್ನು, ಮೇಲೆ, ಕೆಳಗೆ, ಒಳಬದಿ, ಹೊರಬದಿ, ಉಜ್ಜುವುದು. ಕೆಲವು ಕೊಂಡಿಗಳು ಬಿಗಿದುಕೊಂಡು ಬಾಗುತ್ತಲೇ ಇರಲಿಲ್ಲ. ಅವನ್ನು ಎರಡು ಬೆರಳಲ್ಲಿ ಹಿಡಿದು ಆಚೆ ಈಚೆ ಅಲ್ಲಾಡಿಸುತ್ತ, ಸೀಮೆಎಣ್ಣೆ ಕುಡಿಸುತ್ತ, ಸಡಿಲವಾಗುವವರೆಗೆ ಕಾಯಬೇಕು.

"ಜೋರು ಮಾಡ್ಬೇಡ ಅಕ್ಕ. ಲಾಸ್ಟ್ ಬೆಂಚ್ ಮಕ್ಕಳ ಹತ್ರ ಹೇಗಿರ್ತಿದ್ದೆ, ಹಾಗಿರು."

"ಅವರಿಗೆ ಸ್ಕೇಲಲ್ಲಿ ಕೊಡ್ತಿದ್ದೆ ಕಣೋ."

ಹಿಂದಿನಿಂದ ಅವನು ನಕ್ಕಿದ್ದು ಕೇಳಿಸಿತು. ಆಸ್ಪತ್ರೆಯಿಂದ ಬಂದಮೇಲೆ ಅದೇ ಮೊದಲು.

ನನ್ನ ಬೆನ್ನಿಗೆ ದಿನಕ್ಕೆ ಇಪ್ಪತ್ತು ಕೊಂಡಿಗಿಂತ ಹೆಚ್ಚು ಆಗುತ್ತಿರಲಿಲ್ಲ. ಹಾಗಾಗಿ ಆ ಕೆಲಸ ವಾರ ಹಿಡಿಯಿತು. ಎರಡು ಗಂಟೆಗೆ ಊಟ ಮುಗಿಸಿ ಮಣೆಯ ಮೇಲೆ ಕೂತರೆ ನಾಲ್ಕರ ಕಾಫಿಗೆ ಏಳುವುದು. ದಿನದ ಕೊನೆಗೆ ಉಜ್ಜಿದಷ್ಟು ಭಾಗಕ್ಕೆ ಎಣ್ಣೆ ಅದ್ದಿದ ಬಟ್ಟೆ ಸವರಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಿದ್ದೆ. ತಗಡಿನ ಮೇಲೆ ಮಳೆ, ಕೆಳಗೆ ಸೀಮೆಎಣ್ಣೆಯ ಘಾಟು, ಹಿಂದೆ ಅವನ ದನಿ. ಕೆಂಪಿನ ಕೆಳಗಿನಿಂದ ಕಬ್ಬಿಣದ ಬೂದುಬಣ್ಣ ಕೊಂಡಿಕೊಂಡಿಯಾಗಿ ಹೊರಬರುತ್ತಿತ್ತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ವಾರ ನಾನು ಸುಖವಾಗಿದ್ದೆ. ಆ ಸುಖವೇ ನನ್ನನ್ನು ಚುಚ್ಚುತ್ತಿತ್ತು.

ಕೊನೆಯ ದಿನ ಎಣ್ಣೆಯ ಸರದಿ. ಗೇರ್ ಆಯಿಲ್ ಜೇನಿನಷ್ಟು ಮಂದ.

"ಚಮಚದಲ್ಲಿ ಅಲ್ಲ. ಇಂಕ್ ಫಿಲ್ಲರ್ ಇದ್ರೆ ಅದ್ರಲ್ಲಿ. ಕೆಳಗಿನ ಸಾಲಿನ ಒಳಬದಿಗೆ, ಎರಡು ಪಟ್ಟಿ ಸೇರೋ ಸಂದಿಗೆ, ಒಂದೊಂದು ಹನಿ. ಚಕ್ರ ತಿರುಗಿಸ್ತಾ ಹೋಗು."

ಬಿಳಿ ಗುರುತಿನಿಂದ ಬಿಳಿ ಗುರುತಿಗೆ ಒಂದು ಸುತ್ತು ಮುಗಿಸಿದೆ. "ಆಯ್ತಾ?" ಎಂದೆ.

"ಇಲ್ಲ. ಈಗ ಒಣಬಟ್ಟೆಯಲ್ಲಿ ಎಲ್ಲಾ ಒರೆಸು."

"ಹಾಕಿದ್ದನ್ನೇ ಒರೆಸೋದಾ?"

"ಒಳಗೆ ಹೋಗಿದ್ದು ಒಳಗಿರುತ್ತೆ. ಮೇಲೆ ನಿಂತಿದ್ದು ಅಲ್ಲಿ ಉಳಿಯಲ್ಲ ಅಕ್ಕ. ಗಾಡಿ ಓಡಿದ ತಕ್ಷಣ ಎಗರಿ ಟೈರ್ ಮೇಲೆ ಕೂರುತ್ತೆ."

ನನ್ನ ಕೈ ಬಟ್ಟೆಯ ಮೇಲೇ ನಿಂತುಬಿಟ್ಟಿತು. ಮಳೆ ಆಗಷ್ಟೇ ನಿಂತು ತಗಡಿನ ಅಂಚಿನಿಂದ ಹನಿ ಮಾತ್ರ ಬೀಳುತ್ತಿತ್ತು.

ನಮ್ಮ ಕಾನ್ವೆಂಟಿನ ಚಾಪೆಲಿನಲ್ಲಿ ಕ್ಯಾಥೊಲಿಕ್ ಹುಡುಗಿಯರು ತಿಂಗಳ ಮೊದಲ ಶುಕ್ರವಾರ ಕನ್ಫೆಷನ್ನಿಗೆ ಸಾಲು ನಿಲ್ಲುತ್ತಿದ್ದರು. ಮರದ ಜಾಲರಿಯ ಈಚೆ ಮೊಣಕಾಲೂರಿ, ಆಚೆ ಕೂತ ಫಾದರ್ ಅವರ ಕಿವಿಗೆ ತಮ್ಮ ತಪ್ಪುಗಳನ್ನು ಪಿಸುಗುಟ್ಟಿ, ಹಗುರವಾದ ಮುಖ ಹೊತ್ತು ಹೊರಬರುತ್ತಿದ್ದರು. ನಾವು ಹಿಂದೂ ಹುಡುಗಿಯರು ಆ ಹೊತ್ತಿನಲ್ಲಿ ಲೈಬ್ರರಿಯಲ್ಲಿರಬೇಕಿತ್ತು. ನನಗೆ ಆ ಜಾಲರಿಯ ಮೇಲೆ ತುಂಬ ಆಸೆಯಿತ್ತು, ಹೇಳಲು ಅಂಥ ಪಾಪವೇನೂ ಇರದಿದ್ದ ಕಾಲದಲ್ಲಿ.

ಈಗ ತಿರುಗಿ ನೋಡದೆಯೇ, ಚೈನನ್ನು ನೋಡುತ್ತಲೇ, "ಸೂರಿ, ಆವತ್ತು ಬೆಳಿಗ್ಗೆ ನಾನು ಚೈನಿಗೆ ಹರಳೆಣ್ಣೆ ಸುರಿದಿದ್ದೆ," ಎಂದೆ. "ಇಡೀ ಬಾಟ್ಲಿ. ಆಮೇಲೆ ಸೋಪು ಹಾಕಿ ತೊಳೆದವಳೂ ನಾನೇ. ಯಾರಿಗೂ ಗೊತ್ತಾಗಬಾರ್ದು ಅಂತ."

ಸರಳುಗಳ ಆಚೆ ಮಂಚ ಕಿರುಗುಟ್ಟಿತು.

"ಗೊತ್ತು."

"ಯಾವಾಗಿಂದ?"

"ರೋಡಲ್ಲಿ ಬಿದ್ಕೊಂಡಿದ್ದಾಗಿಂದ. ಚಿಕ್ಕೋನಿದ್ದಾಗ ನೀನೇ ಅಲ್ವಾ ಮೂಗು ಹಿಡಿದು ಕುಡಿಸ್ತಿದ್ದಿದ್ದು? ಆ ವಾಸನೆ ಮರೆಯಕ್ಕಾಗುತ್ತಾ?"

"ಮತ್ತೆ ಯಾಕೋ ಹೇಳ್ಲಿಲ್ಲ?"

"ನೀನು ಹೇಳ್ತೀಯ ಅಂತ ಕಾಯ್ತಿದ್ದೆ," ಎಂದ. "ತುಂಬಾ ದಿನ ಕಾಯಿಸ್ಬಿಟ್ಟೆ ಅಕ್ಕ. ಚೈನ್ ಕೆಂಪಾಗ್ತಾ ಹೋದಂಗೆಲ್ಲಾ ನಿನ್ ಮೇಲೆ ಸಿಟ್ಟು ಬರ್ತಿತ್ತು. ಕಾಲಿಗಲ್ಲ. ಕಾಲು ಮುರ್ದಿದ್ದು ನನ್ನ ಮೂರು ಭಾನುವಾರದಿಂದ. ನೀನು ಗೋಡೆ ನೋಡ್ಕೊಂಡು ಓಡಾಡ್ತಿದ್ಯಲ್ಲ, ಅದಕ್ಕೆ."

ನನಗೆ ಅಳು ಬಂತು. ಕೈಯೆಲ್ಲ ಎಣ್ಣೆ, ಒರೆಸಿಕೊಳ್ಳಲಾಗಲಿಲ್ಲ.

"ನಿಮ್ ಸ್ಕೂಲಲ್ಲಿ ತಪ್ಪು ಒಪ್ಕೊಂಡ್ರೆ ಏನೋ ಕೊಡ್ತಾರಲ್ಲ, ಏನದು?"

"ಪೆನೆನ್ಸ್. ಪ್ರಾಯಶ್ಚಿತ್ತ."

"ಹಾಂ. ಅದೇ. ಇನ್ನೊಂದು ಸುತ್ತು ಒರೆಸು. ಬಟ್ಟೆ ಮೇಲೆ ಗೆರೆ ಬೀಳದೆ ಇರೋವರೆಗೂ."

ಒರೆಸಿದೆ. ಬಟ್ಟೆಯ ಗೆರೆ ತೆಳುವಾಗಿ, ಇನ್ನೂ ತೆಳುವಾಗಿ, ಕಾಣದಂತಾಯಿತು. ಆಮೇಲೆ ಅವನು, "ಈಗ ಚಕ್ರ ಬಿಟ್ಟು ತಿರುಗಿಸು," ಎಂದ. ತಿರುಗಿಸಿ ಕೈ ಬಿಟ್ಟೆ. ಚಕ್ರ ಸುತ್ತಿತು, ಚೈನು ಸುತ್ತಿತು, ಸಣ್ಣ ಸರಸರ ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಇಬ್ಬರೂ ಅದು ತಾನಾಗಿ ನಿಲ್ಲುವವರೆಗೆ ನೋಡಿದೆವು.

ವಾಕರ್ ಬಂತು, ವಾಕರ್ ಹೋಗಿ ಕೋಲು ಬಂತು, ಕೋಲೂ ಹೋಯಿತು. ದೀಪಾವಳಿ ಕಳೆದು, ಕೊನೆಯ ಮಳೆಯೂ ಕಳೆದು, ಡಾಕ್ಟರು ಗಾಡಿ ಹತ್ತಬಹುದೆಂದರು. ಮೊದಲು ಗಲ್ಲಿಯಲ್ಲಿ ಒಂದು ಸುತ್ತು, ಮಾರನೆಯ ದಿನ ಮಾರ್ಕೆಟ್ಟಿನವರೆಗೆ. ಎರಡೂ ಸಲ ಅವನು ಬಂದು ಬಾಗಿಲಲ್ಲಿ ನಿಂತಾಗ ನಾನು ಪೇಪರ್ ಓದುತ್ತ ಕೂತಿದ್ದೆ.

"ಕಾಫಿ ಎಲ್ಲಿ?"

"ನೀನು ಬಂದಿದ್ದು ಕೇಳಿಸ್ಲೇ ಇಲ್ಲ ಕಣೋ!"

"ನೋಡು, ನಿನ್ನ ಕೈಯಾರೆ ಅಲಾರ್ಮ್ ಕೆಡಿಸ್ಕೊಂಡೆ," ಎಂದು ಹೆಲ್ಮೆಟನ್ನು ಮೊಳೆಗೆ ಹಾಕಿದ.

ಮೂರನೆಯ ದಿನ ಕೆ.ಆರ್. ಪುರಕ್ಕೆ, ಗೋಪಾಲನ ವರ್ಕ್‌ಶಾಪಿಗೆ ಹೊರಟ. ಕ್ಷೇಮವಾಗಿ ತಲುಪಿದ. ಇದನ್ನು ನಾನು ಗೋಪಾಲನ ಬಾಯಿಂದ ಎಷ್ಟು ಸಲ ಹೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಗಾಡಿ ನಿಲ್ಲಿಸಿದ, ಎಲ್ಲರ ಜೊತೆ ನಕ್ಕ, ಲೇತಿನ ಪಕ್ಕದ ಸ್ಟೂಲಿನ ಮೇಲೆ ಕೂತು ಅರ್ಧ ಟೀ ಕುಡಿದ, ಎದೆ ಹಿಡಿದುಕೊಂಡು ಗೋಪಾಲನ ಭುಜಕ್ಕೆ ಒರಗಿದ. ಅಷ್ಟೇ. ಗಾಡಿಯದೇನೂ ತಪ್ಪಿರಲಿಲ್ಲ. ಹೃದಯದ ವಿಷಯ ಯಾರಿಗೂ ಗೊತ್ತಿರಲಿಲ್ಲ, ಅವನಿಗೂ. ಮಧ್ಯಾಹ್ನ ಆಸ್ಪತ್ರೆಯಿಂದ ನನಗೆ ಫೋನ್ ಬಂದಾಗ ನಾನು ಹಾಲನ್ನು ಸ್ಟವ್ ಮೇಲಿಟ್ಟುಕೊಂಡು, ಈ ಸಲವಾದರೂ ಸರಿಯಾದ ಹೊತ್ತಿಗೆ ಹಚ್ಚಬೇಕೆಂದು, ಕಿಟಕಿಯಲ್ಲಿ ನಿಂತು ತಿರುವನ್ನೇ ನೋಡುತ್ತಿದ್ದೆ.

ಸತ್ತಾರ್ ಭಾಯಿ ಎರಡನೆಯ ಸಲ ಗಾಡಿಯನ್ನು ಮನೆಗೆ ತಂದರು. ಅದು ಇನ್ನೂ ಪ್ಯಾಸೇಜಿನಲ್ಲಿದೆ. ಓಡದ ಗಾಡಿಯ ಚೈನಿಗೆ ಅಷ್ಟೆಲ್ಲ ಬೇಕಿಲ್ಲ ಎಂದು ಅವರು ಹೇಳುತ್ತಾರೆ. ಆದರೂ ತಿಂಗಳ ಮೊದಲ ಶುಕ್ರವಾರ ಊಟ ಮುಗಿಸಿ ಮಣೆ ಹಾಕಿಕೊಳ್ಳುತ್ತೇನೆ. ಕೀಯನ್ನು ತೆಗೆದು, ಸರಳಿನೊಳಗೆ ಕೈ ತೂರಿಸಿ, ಖಾಲಿ ಮಂಚದ ದಿಂಬಿನ ಕೆಳಗೆ ಇಡುತ್ತೇನೆ. ಆಮೇಲೆ ಚಾಕ್‌ಪೀಸು.

ಆ ಮೂರನೆಯ ದಿನ ಬೆಳಿಗ್ಗೆ ಅವನು ಕೆ.ಆರ್. ಪುರಕ್ಕೆ ಹೊರಟಾಗ ನಾನು ಗೇಟಿನವರೆಗೆ ಬಂದಿದ್ದೆ. ಎಳೆಬಿಸಿಲು. ತಿರುವಿನ ಹತ್ತಿರ ಗಾಡಿ ನಿಧಾನಿಸಿ, ವಾಸಿಯಾದ ಎಡಗಾಲನ್ನು ನೆಲಕ್ಕೂರಿ ನಿಂತ. ಹಿಂದಿರುಗದೆಯೇ ಒಂದು ಕೈಯನ್ನು ಹೆಲ್ಮೆಟ್ಟಿನ ಕಿವಿಯ ಜಾಗಕ್ಕೆ ಹಿಡಿದು, ಆಮೇಲೆ ಅಂಗೈ ಬಿಚ್ಚಿ ಅಲ್ಲಾಡಿಸಿದ, ಏನೂ ಕೇಳಿಸುತ್ತಿಲ್ಲ ಎನ್ನುವಂತೆ. ನಾನು ನಕ್ಕೆ. ಅವನು ಕಾಲೆತ್ತಿಕೊಂಡು, ಎಡಕ್ಕೆ ಮೆಲ್ಲಗೆ ವಾಲಿ, ತಿರುಗಿದ. ತಿರುಗುವಾಗ ಅವನು ಒಮ್ಮೆ ನನ್ನ ಕಡೆ ನೋಡಿದನೋ ಏನೋ, ನನಗೆ ಗೊತ್ತಿಲ್ಲ. ನಾನು ಗೇಟಿನ ಸರಳನ್ನು ಬಿಗಿಯಾಗಿ ಹಿಡಿದು ಹಿಂದಿನ ಟೈರನ್ನೇ ನೋಡುತ್ತಿದ್ದೆ. ಅದು ಜಾರಲಿಲ್ಲ.